ಎಡಕ್ಕೆ ಹೊಸೆದ ಹುರಿ

ಆನಂದ ಸಂವತ್ಸರ, ಕಾರ್ತಿಕ ಬಹುಳ ಬಿದಿಗೆ

ಬೈದರೆ ತಿರುಗಿ ಬೈಯುವವರು ಮನೆಯಲ್ಲಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐಗಳ ಸಾಲಿಯಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೆ. ಕಾಗುಣಿತ ಮುಗಿಯುವ ಮೊದಲೇ ಐಗಳು ಒಂದು ಬಾರಿಸಿದರು. ಬೆತ್ತ ಕಸಿದು ಮುರಿದು ಹೊಲಕ್ಕೆ ಹೋದವನು ತಿರುಗಿ ಆ ಕಡೆ ಹಾಯಲಿಲ್ಲ. ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಈ ಕಡತ ನಮ್ಮಪ್ಪನದು. ಮಸಿ ಬಳಿದ ದಪ್ಪ ಅರಿವೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಯಾರೂ ಓದುವಂತಿಲ್ಲ. ಓದಿದವರ ಕಾಲು ಮುರಿಯುತ್ತೇನೆ.

ಹೋದ ಸೋಮವಾರ ಮನೆಯಾಕೆ ಹಳ್ಳದಲ್ಲಿ ಬಿದ್ದಳು. ಮಡುವಿನಲ್ಲಿ ಕೊಳೆಹಾಕಿದ್ದ ಸಣಬು ಮೇಲೆತ್ತಿ ನಾರು ಸುಲಿಯುತ್ತ ಕೂತಿದ್ದಳಂತೆ. ಕೂತಲ್ಲೇ ವಾಲಿದಳಂತೆ. ಹೊತ್ತು ತಂದಾಗ ಬಲಗೈ ಬಲಗಾಲು ಎರಡೂ ಅವಳವಲ್ಲ. ಬಾಯಿ ಸೊಟ್ಟ. ಮಾತಿಲ್ಲ. ನನ್ನ ಒಂದು ಮಾತಿಗೆ ನಾಲ್ಕು ತಿರುಗಿಸುತ್ತಿದ್ದ ಬಾಯಿ ಅದು.

ಗಜೇಂದ್ರಗಡದಿಂದ ಹಕೀಮ ಮೆಹಬೂಬಸುಭಾನಿಯನ್ನು ಕರೆಸಿದೆ. ಎಣ್ಣೆ ತಿಕ್ಕಿದ, ನಾಲಿಗೆ ನೋಡಿದ.

"ಲಕ್ವಾ ಹೊಡದೈತ್ರಿ ಗೋಣೆಪ್ಪಾರ. ಮಾತು ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಖಾಲಿ ಮಾತ್ರ ಕೂಡಸಬ್ಯಾಡ್ರಿ. ಚಲೋ ಇದ್ದ ಕೈಗೆ ಏನರ ಕೆಲಸಾ ಕೊಡ್ರಿ."

"ಏನ ಕೊಡ್ಲಿ? ಹೊಲಕ್ಕ ಹೋಗಿ ಕುಂಟಿ ಹೊಡೀ ಅನ್ಲೇನು?" ಅಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ರೊಟ್ಟಿ ಬಡಿಯಲು ಬಾರದ ಮುದುಕನೊಬ್ಬ, ಏಳಲಾರದ ಮುದುಕಿಯೊಬ್ಬಳು. ಇದರ ಮೇಲೆ ಬೆಳವಣಕಿಗೆ ಕೊಟ್ಟ ಮಗಳು ರೇಣವ್ವ ಬಾಣಂತನಕ್ಕೆ ಬರುವವಳಿದ್ದಾಳೆ.

ಕಾರ್ತಿಕ ಬಹುಳ ಅಷ್ಟಮಿ

ಬೆಳಗಿನಿಂದ ಎಡಗೈ ಎತ್ತಿ ಮೂಲೆಯ ಗಡಿಗೆ ತೋರಿಸುತ್ತಾಳೆ. ನೀರು ಕೊಟ್ಟೆ, ಚೆಲ್ಲಿದಳು. ನುಚ್ಚು ಕೊಟ್ಟೆ, ಉಗುಳಿದಳು. "ಏನ ಬೇಕ ನಿನಗ? ನನ್ನ ಹೆಣಾ ಬೇಕೇನು?" ಎಂದು ಕೂಗಿದೆ. ಮಗ್ಗುಲಿಗಿದ್ದ ತೆಂಗಿನ ಚಿಪ್ಪು ತೆಗೆದು ನನ್ನ ಕಡೆ ಎಸೆದಳು. ಗುರಿ ಚಲೋ ಇದೆ. ಹಣೆ ಊದಿದೆ.

ಕೊನೆಗೆ ಗಡಿಗೆಯನ್ನೇ ಮುಂದೆ ತಂದು ಕುಕ್ಕಿದೆ. ಒಳಗಿದ್ದದ್ದು ಅರ್ಧ ಕಟ್ಟಿದ ಒಂದು ಉಡದಾರ. ಸಣಬಿನದು. ಮಗುವಿನ ಟೊಂಕಕ್ಕೆ ಬೆಳ್ಳಿಯ ಉಡದಾರ ಹಾಕುತ್ತಾರಲ್ಲ, ಹಾಗೇ, ಆದರೆ ಬರೀ ಗಂಟು. ಜೋಳದ ಕಾಳಿನಂಥ ಗಂಟು ಒಂದರ ಪಕ್ಕ ಒಂದು, ತೆನೆ ಹಿಡಿದಂತೆ. ನಾನು ಹುಟ್ಟಿದಂದಿನಿಂದ ಹಗ್ಗ ಹೊಸೆದವನು. ಈ ಗಂಟು ಹ್ಯಾಗೆ ಬಿದ್ದಿತೆಂದು ತಿರುವಿ ತಿರುವಿ ನೋಡಿದರೂ ತಿಳಿಯಲಿಲ್ಲ. ಇದನ್ನು ಇವಳು ಯಾವಾಗ ಕಟ್ಟಿದಳು? ನಾನು ಇದೇ ಮನೆಯಲ್ಲಿ ಇದ್ದೆನಲ್ಲ.

ಮಾರ್ಗಶಿರ ಶುದ್ಧ ತದಿಗೆ

ರೇಣವ್ವ ಬಂದಳು. ಗಾಡಿ ಇಳಿದು ಅವ್ವನನ್ನು ನೋಡಿ ಗೋಡೆ ಹಿಡಿದು ನಿಂತಳು. ಅಳಲಿಲ್ಲ. ಅಳು ಮುಗಿಸಿ ಬಂದವಳಂತೆ ಇದ್ದಾಳೆ. ಇದು ಮೂರನೆಯ ಬಸಿರು. ಮೊದಲಿನ ಎರಡೂ ಕೂಸು ಮೂರು ತಿಂಗಳು ಕಾಣಲಿಲ್ಲ. ಈ ಸಲ ಕೂಸಿಗೆಂದು ಒಂದು ಕುಂಚಿಗೆಯನ್ನೂ ಹೊಲಿದುಕೊಂಡು ಬಂದಿಲ್ಲ. ಹೊಟ್ಟೆಯ ಮೇಲೆ ಕೈ ಇಡುವುದೂ ಇಲ್ಲ.

ಸೂಲಗಿತ್ತಿ ಉಡಚವ್ವ ನೋಡಲು ಬಂದಳು. ಗಡಿಗೆ ಕಂಡವಳೇ ಕೂತುಬಿಟ್ಟಳು.

"ಮಾಳವ್ವಕ್ಕ ಸುರು ಮಾಡ್ಯಾಳ ಹಂಗಾರ. ಅಣ್ಣಾ, ನಿನಗ ಗೊತ್ತಿಲ್ಲೇನು ಇದು?"

"ನನಗೇನ ಗೊತ್ತು ಹೆಂಗಸರ ಭಾನಗಡಿ."

ಅವಳೇ ಹೇಳಿದಳು. ಇದು ಮಾಳವ್ವನ ತವರು ಚಿಕ್ಕನರಗುಂದದ ಪದ್ಧತಿ. ಕೂಸುಗಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ್ದಕ್ಕೆ ಬೆಳ್ಳಿ ಬಂಗಾರ ತೋರಿಸುವುದಿಲ್ಲ. ಸಾವು ಬಂದು ನೋಡಿದರೆ, ಈ ಮನೆಯವರಿಗೇ ಬೇಡವಾದ ಕೂಸು ಎಂದು ತಿಳಿದು ಹೋಗಬೇಕು. ಅದಕ್ಕೆ ಸಣಬಿನ ಉಡದಾರ, ಸಣಬಿನ ಕೊರಳಸರ, ಸಣಬಿನ ಕಡಗ. ತಾಯಿಯ ತಾಯಿಯೇ ಗಂಟು ಹಾಕಬೇಕು. ಕಬ್ಬಿಣ ಸೋಕಬಾರದು. ಬಿಗಿಯಾದರೂ ಕೊಯ್ಯಬಾರದು, ಬಿಚ್ಚಿ ಎಳೆ ಸೇರಿಸಿ ಮತ್ತೆ ಕಟ್ಟಬೇಕು.

"ಮಾಳವ್ವಕ್ಕನೂ ಇದನ್ನಽ ಹಾಕ್ಕೊಂಡು ಬೆಳದಾಕಿ. ಆಕಿಗಿಂತ ಮೊದಲ ಮೂರು ಕೂಸು ಹೋಗಿದ್ವು."

"ನಾರು ಕಟ್ಟಿದ್ರ ಸಾವು ಹೆದರತೈತೇನು?" ಅಂದೆ.

"ನಿನಗಂತೂ ಹೆದರೂದಿಲ್ಲ. ಕಟ್ಟಿ ನೋಡಾಕ ಏನ ಹೋಗತೈತಿ?"

ರೇಣವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಉಡದಾರವನ್ನೇ ನೋಡುತ್ತಿದ್ದಳು. ಬಂದಾಗಿನಿಂದ ಅವಳು ಯಾವುದನ್ನಾದರೂ ಹಾಗೆ ನೋಡಿದ್ದು ಅದೇ ಮೊದಲು. ಅದು ಮುಗಿಯಬೇಕು. ನನಗೆ ನಂಬಿಕೆ ಇರಲಿ ಬಿಡಲಿ, ಮುಗಿಯಬೇಕು.

ಮಾರ್ಗಶಿರ ಶುದ್ಧ ಏಕಾದಶಿ

ಒಂದು ಕೈ, ಒಂದು ಕಾಲು, ಹಲ್ಲು. ಇವಳು ಇಷ್ಟರಲ್ಲೇ ಗಂಟು ಹಾಕುತ್ತ ಕೂತರೆ ಕೂಸಿಗೆ ಮದುವೆಯಾಗುತ್ತದೆ. ಇವತ್ತು ಮಲಗಿದ್ದಾಗ ನಾನೇ ಸಣಬು ತೆಗೆದುಕೊಂಡು ಚೊಕ್ಕಟ ಹುರಿ ಹೊಸೆದೆ. ಗಂಟು ಅವಳದಾಗಬೇಕು ನಿಜ, ಹುರಿ ಯಾರದಾದರೇನು? ಉಡದಾರದ ತುದಿಗೆ ನನ್ನ ಹುರಿ ಸೇರಿಸಿದೆ. ಎತ್ತಿನ ಹಗ್ಗ ಮಾಡಿದಾಗ ಕಲ್ಲು ಕಟ್ಟಿ ತೂಗುಬಿಡುತ್ತೇವಲ್ಲ, ನೆಟ್ಟಗಾಗಲಿ ಎಂದು, ಹಾಗೇ ಒಂದು ಕಲ್ಲು ಕಟ್ಟಿ ಜಂತಿಗೆ ತೂಗುಬಿಟ್ಟಿದ್ದೇನೆ. ಬೆಳಿಗ್ಗೆ ನೋಡಿ ಇವಳು ಏನು ಹೇಳುತ್ತಾಳೋ.

ಹೇಳುವುದೇನು. ಮರೆತೆ.

ದ್ವಾದಶಿ

ಬಿಚ್ಚಿಹೋಗಿದೆ. ಕಲ್ಲು ಸುತ್ತಿ ಸುತ್ತಿ ನನ್ನ ಹುರಿಯೂ ಬಿಚ್ಚಿ, ಅವಳ ಹಳೆಯ ಗಂಟುಗಳೂ ಸಡಿಲಾಗಿ, ನಾರು ನಾರಾಗಿ ಜೋತುಬಿದ್ದಿದೆ. ಎರಡು ಕೈ ಇದ್ದಾಗ ಅವಳು ಕಟ್ಟಿದ್ದು ಅದು.

ಚಿಪ್ಪು ಎಸೆಯಲಿಲ್ಲ. ಎಸೆದಿದ್ದರೆ ಚಲೋ ಇತ್ತು. ನಾರನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ರೇಣವ್ವ ಒಳಗೆ ಬಂದು ನೋಡಿ, "ಹೋಗ್ಲಿ ಬಿಡ ಯಪ್ಪಾ, ಆಗೂದಿಲ್ಲ ಅಂತಾನಽ ಇತ್ತು," ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ನನಗೆ ಸಿಟ್ಟೂ ಬರಲಿಲ್ಲ.

ಉಂಡಿಲ್ಲ.

ಮಾರ್ಗಶಿರ ಬಹುಳ ಪಂಚಮಿ

ಅವಳು ಮತ್ತೆ ಶುರು ಮಾಡಿದ್ದಾಳೆ. ಮೊದಲಿನಿಂದ.

ಹೊಲಕ್ಕೆ ಹೋಗಲಿಲ್ಲ. ಹತ್ತಿಗಿಡದಲ್ಲಿ ಯಾರ ದನ ಹೊಕ್ಕರೂ ಹೊಗಲಿ ಎಂದು ಎದುರಿಗೇ ಕೂತು ನೋಡಿದೆ. ನೋಡಿದ್ದನ್ನು ಬರೆದಿಡುತ್ತೇನೆ.

ನಾವು ಗಂಡಸರು ಹಗ್ಗ ಹೊಸೆಯುವಾಗ ಎಳೆಯನ್ನು ಬಲತೊಡೆಯ ಮೇಲಿಟ್ಟು ಬಲ ಅಂಗೈಯಿಂದ ಮುಂದಕ್ಕೆ ತೀಡುತ್ತೇವೆ. ಹುರಿ ಬಲಕ್ಕೆ ಸುತ್ತಿಕೊಳ್ಳುತ್ತದೆ. ಊರಿನ ಎಲ್ಲ ಹಗ್ಗವೂ ಹಾಗೇ. ಬೇರೆ ಇರುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ಕೂಸಿನ ಹುರಿ ಎಡಕ್ಕೆ ಸುತ್ತಿರಬೇಕಂತೆ, ಉಡಚವ್ವ ನಿನ್ನೆ ಹೇಳಿದಳು. ಕೆಟ್ಟ ದೃಷ್ಟಿ ಬಲಗಡೆಯಿಂದ ಸುತ್ತಿಕೊಂಡು ಬಂದರೆ ಇದು ಎಡದಿಂದ ಬಿಚ್ಚುತ್ತದಂತೆ. ಎಡಕ್ಕೆ ಸುತ್ತಿದ್ದಕ್ಕೆ ಬಲಕ್ಕೆ ಸುತ್ತಿದ್ದನ್ನು ಕಟ್ಟಿ ಕಲ್ಲು ತೂಗುಬಿಟ್ಟ ಶಾಣ್ಯಾ ನಾನು.

ಈಗ ಕೇಳು. ಎರಡು ಕೈ ಇದ್ದಾಗ ಇವಳು ಎಡಸುತ್ತು ಬರಲೆಂದು ಬಲಗೈಯನ್ನು ಹಿಂದಕ್ಕೆ ತೀಡಬೇಕಾಗಿತ್ತು. ಕಷ್ಟದ ಕೆಲಸ, ಮಣಿಕಟ್ಟು ನೋಯುತ್ತದೆ. ಇವತ್ತು ಎಡತೊಡೆಯ ಮೇಲೆ ಎಡಗೈ ಇಟ್ಟು, ನಾವು ತೀಡುವ ಹಾಗೇ ಮುಂದಕ್ಕೆ ತೀಡಿದಳು. ಹುರಿ ತಾನಾಗಿ ಎಡಕ್ಕೆ ಸುತ್ತಿಕೊಂಡಿತು. ನೀರು ಇಳಿಜಾರಿಗೆ ಹೋದ ಹಾಗೆ. ಬಲಗೈ ಇದ್ದಾಗ ಮಾಡಿದ ಹುರಿಗಿಂತ ಇದು ಬಿಗಿ, ಇದು ನುಣುಪು.

ಅವಳೂ ನೋಡಿದಳು. ಮತ್ತೊಮ್ಮೆ ತೀಡಿದಳು. ಆಮೇಲೆ ನನ್ನ ಮುಖ ನೋಡಿದಳು.

ನಾನು ಎದ್ದು ಹೊರಗೆ ಹೋಗಿ ಎತ್ತುಗಳ ಮುಂದೆ ನಿಂತುಕೊಂಡೆ. ಏನೋ ಒಂದು ನನ್ನ ಮೈಮೇಲೆ ಹಾಯ್ದು ಹೋದಂತಾಯಿತು. ಹಳೆಯ ಜೋಡುಗುಡಿಯ ಕಂಬದಲ್ಲಿ ಕಲ್ಲನ್ನು ಮಣಿ ಮಾಡಿ ಪೋಣಿಸಿದ ಕಲ್ಲುಕುಟಿಗರನ್ನು ದೊಡ್ಡವರೆನ್ನುತ್ತಾರೆ. ಇರಬಹುದು. ಅವರಿಗೆ ಎರಡು ಕೈ ಇದ್ದವು.

ಎಳ್ಳಮಾವಾಸ್ಯೆ

ಪೈರಿಗೆ ಚರಗದ ಎಡೆ ಚೆಲ್ಲಿ ಹೊಲದಿಂದ ಬರುವಾಗ ಬೀಗ ಮಲ್ಲೇಶಪ್ಪ ಅಂಗಳದಲ್ಲಿ ಕೂತಿದ್ದ. ರೇಣವ್ವನ ಮಾವ. ರುಮಾಲಿನ ಗಂಟು ಬಿಚ್ಚಿ ಬೆಳ್ಳಿಯ ಉಡದಾರ, ಬೆಳ್ಳಿಯ ಕಡಗ ತೋರಿಸಿದ. ಹೊಸದಾಗಿ ಮಾಡಿಸಿದ್ದಾನಂತೆ. ಆಮೇಲೆ ಇವಳ ಮುಂದಿದ್ದ ಸಣಬು ಕಂಡಿತು.

"ಏನ ಬೀಗರ, ಇದು ಹೋರಿಗರಕ್ಕೋ, ನಮ್ಮ ಮೊಮ್ಮಗಗೋ?"

"ಹೋರಿಗರಕ್ಕ ಆಗಿದ್ರ ಪುಂಡಿ ಹಗ್ಗ ಹಾಕ್ತಿದ್ದೆ. ಇದು ಸಣಬು."

"ನಮ್ಮ ಮನಿತನದ ಕೂಸು ನಾರು ಕಟ್ಟಿಕೊಂಡ್ರ ಬೆಳವಣಕಿ ಮಂದಿ ಏನಂದಾರು? ಮಲ್ಲೇಶಪ್ಪ ದಿವಾಳಿ ಎದ್ದ ಅಂತಾರ."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದನ್ನು ಆಡುವ ಮೊದಲೇ ಬಾಗಿಲ ಹಿಂದಿನಿಂದ ರೇಣವ್ವ ಮಾತಾಡಿದಳು. ಮಾವನೆದುರು ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಮಾವಾರ, ಬೆಳ್ಳಿ ಎರಡ ಸಲ ಹಾಕಿದ್ರಿ. ಎರಡೂ ಸಲ ನಾನಽ ಬಿಚ್ಚಿ ಕೊಟ್ಟೇನ್ರಿ."

ಮಲ್ಲೇಶಪ್ಪ ರುಮಾಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಆತವ್ವಾ," ಎಂದ. "ತೊಟ್ಟಿಲಕ್ಕ ಹಾಕೂ ದಿನಾ ಬರ್ತೇನಿ. ನಿಮ್ಮವ್ವಂದು ಮುಗದಿದ್ರ ಅದು. ಮುಗೀಲಿಲ್ಲಾಂದ್ರ ಬೆಳ್ಳಿ. ಬತ್ತಲೆ ಕೂಸನ್ನ ಮಂದಿ ಮುಂದ ತೊಟ್ಟಿಲಕ್ಕ ಹಾಕಾಕ ಆಗೂದಿಲ್ಲ."

ಅವನು ಹೋದ ಮೇಲೆ ರೇಣವ್ವ ಅವ್ವನ ಹತ್ತಿರ ಕೂತು ಸಣಬಿನ ಕಸ ಆರಿಸತೊಡಗಿದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಪುಷ್ಯ ಶುದ್ಧ ಸಪ್ತಮಿ

ಹೆಣ್ಣು. ಉಡಚವ್ವ ಹೇಳಿದ್ದಕ್ಕಿಂತ ಮೊದಲೇ ಬಂದಿತು.

ಒಳಗೆ ರೇಣವ್ವ ಕೂಗುವಾಗ ಹೊರಗೆ ಮಾಳವ್ವ ಕಟ್ಟುತ್ತಲೇ ಇದ್ದಳು. ಒಂದು ಗಂಟೂ ತಪ್ಪಲಿಲ್ಲ. ಕೂಸಿನ ದನಿ ಕೇಳಿದಾಗ ಅವಳು ಹಲ್ಲಿನಲ್ಲಿ ಹಿಡಿದಿದ್ದ ಎಳೆ ಬಿಟ್ಟಳು, ಅಷ್ಟೆ. ಆಮೇಲೆ ಮತ್ತೆ ಕಚ್ಚಿಕೊಂಡಳು.

ಕೂಸನ್ನು ತಂದು ತೋರಿಸಿದರು. ಬದನೆಕಾಯಿಯಂಥ ಬಣ್ಣ. ನನ್ನ ಹೆಬ್ಬೆರಳಿನಷ್ಟು ಮಣಿಕಟ್ಟು. ಅದರಲ್ಲಿ ಗೆರೆ, ಉಗುರು, ಎಲ್ಲ ಇವೆ. ಇದನ್ನೆಲ್ಲ ಕತ್ತಲಲ್ಲಿ ಕೂತು ಯಾರು ಹೊಸೆದರು?

ಉಡದಾರ ಮುಗಿದಿದೆ. ಸರ ಅರ್ಧ. ಕಡಗ ಇಲ್ಲ.

ಪುಷ್ಯ ಹುಣ್ಣಿಮೆ

ಕೆಲಸ ಈಗ ಹೀಗೆ ನಡೆಯುತ್ತದೆ. ನಾನು ಅವಳ ಬಲಕ್ಕೆ ಕೂರುತ್ತೇನೆ. ಅವಳು ಎಳೆ ಚಾಚುತ್ತಾಳೆ, ನಾನು ಹಿಡಿಯುತ್ತೇನೆ. ಗಂಟು ಹಾಕುವಂತಿಲ್ಲ, ಹಿಡಿಯುವುದು ಮಾತ್ರ. ಗದ್ದ ಎತ್ತಿದರೆ ಬಿಗಿ ಎಳೆ ಎಂದು, ಕಣ್ಣು ಮುಚ್ಚಿದರೆ ಸಡಿಲು ಬಿಡು ಎಂದು. ಮೊದಲ ದಿನ ಜಗ್ಗಿ ಎಳೆದು ಎರಡು ಎಳೆ ಹರಿದೆ. ಎಡಗೈಯನ್ನು ಈ ಕಡೆ ಚಾಚಿ ಪಕ್ಕೆಗೆ ತಿವಿದಳು. ಎರಡನೆಯ ದಿನ ಒಂದು ಹರಿದೆ. ಇವತ್ತು ತಿವಿಸಿಕೊಳ್ಳಲಿಲ್ಲ.

ಇಷ್ಟು ಹತ್ತಿರ ಕೂತು ನೋಡಿದರೂ ಗಂಟು ಬೀಳುವ ಗಳಿಗೆ ನನಗೆ ಸಿಗುವುದಿಲ್ಲ. ಕುಣಿಕೆ ಕಾಣುತ್ತದೆ, ಬೆರಳು ಒಳಗೆ ಹೋಗುವುದು ಕಾಣುತ್ತದೆ, ಆಮೇಲೆ ಗಂಟು ಇರುತ್ತದೆ. ನಡುವಿನದು ಕಾಣುವುದಿಲ್ಲ. ಬೀಜಕ್ಕೂ ಮೊಳಕೆಗೂ ನಡುವೆ ಏನಾಗುತ್ತದೆಂದು ಯಾವ ಒಕ್ಕಲಿಗ ನೋಡಿದ್ದಾನೆ?

ಉಡಚವ್ವ ಕೂಸಿಗೆ ಎರೆಯಲು ಬಂದವಳು ಬಾಗಿಲಲ್ಲೇ ನಿಂತಳು.

"ಯಕ್ಕಾ, ಈ ಮುದಿಯಾ ಇಷ್ಟೊತ್ತು ಸುಮ್ಮ ಕುಂತಿದ್ದು ನೋಡಿದ್ದಿಲ್ಲ ನಾ. ಮೂಗುದಾಣಿ ಹಾಕೀಯೇನು?"

ಮಾಳವ್ವನ ಅರ್ಧ ಬಾಯಿ ನಕ್ಕಿತು. ದನಿಯೂ ಬಂದಿತು, ಗಂಟಲಿನಿಂದ ಸಣ್ಣಗೆ. ನಾನು ತಲೆ ಎತ್ತಲಿಲ್ಲ. ಎಳೆ ಬಿಗಿ ಹಿಡಿಯಬೇಕಾಗಿತ್ತು.

ಪುಷ್ಯ ಬಹುಳ ಪಂಚಮಿ

ಇವತ್ತು ತೊಟ್ಟಿಲಿಗೆ ಹಾಕಿದರು. ಉಡದಾರ, ಸರ ಮುಗಿದವು. ಎಡಗೈಯ ಕಡಗ ಬೆಳಿಗ್ಗೆ ಮುಗಿಯಿತು. ಬಲಗೈಯದು ಶುರುವೇ ಆಗಲಿಲ್ಲ.

ಮಲ್ಲೇಶಪ್ಪ ಬಂದ. ರುಮಾಲು ಕಂಕುಳಲ್ಲಿತ್ತು. ಕೂಸಿನ ಮೈಮೇಲಿನ ಸರ ಕಂಡು ಬಗ್ಗಿದ. ಎರಡು ಬೆರಳಿನಲ್ಲಿ ಎತ್ತಿ ಉಗುರಿನಿಂದ ಸವರಿ ಸುತ್ತಲೂ ಹುಡುಕಿದ. ಅವನೂ ಹಗ್ಗ ಹೊಸೆದವನೇ.

"ಇದರ ತುದಿ ಎಲ್ಲೈತ್ರಿ ಬೀಗರ?"

"ನನಗೂ ಗೊತ್ತಿಲ್ಲ," ಅಂದೆ. "ಮಗ್ಗಲಾಗಽ ಕುಂತಿದ್ದೆ."

ಅವನು ಇನ್ನೊಂದು ಸುತ್ತು ಹುಡುಕಿ ಬಿಟ್ಟುಕೊಟ್ಟ. ಆಮೇಲೆ ಕೂಸಿನ ಬರಿಗೈ ಕಂಡಿತು. ಮುಗಿಯದಿದ್ದರೆ ಬೆಳ್ಳಿ ಎಂದು ಮಾತಾಗಿತ್ತು. ರೇಣವ್ವನ ಮುಖ ಮತ್ತೆ ಗೋಡೆಯಂತಾಯಿತು. ಮಾಳವ್ವ ತನ್ನ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿದಳು. ಎತ್ತಿ, ಮಲ್ಲೇಶಪ್ಪನಿಗೆ ಕಾಣುವಂತೆ ಮಡಿಲಲ್ಲಿ ಇಟ್ಟುಕೊಂಡಳು. ಅದೂ ಬರಿಗೈ.

ಮಲ್ಲೇಶಪ್ಪ ಆ ಕೈ ನೋಡಿದ. ರುಮಾಲನ್ನು ರೇಣವ್ವನ ಮಡಿಲಿಗೆ ಹಾಕಿದ.

"ಇಟಗೊಳವ್ವಾ. ಇಕಿ ಮದಿವಿಗೆ ಮುರಿಸಿ ಬ್ಯಾರೆ ಏನರ ಮಾಡ್ಸೂಣು."

ಮದುವೆ ಎಂದ. ಮೂರು ತಿಂಗಳ ಮಾತನ್ನು ಯಾರೂ ಆಡಲಿಲ್ಲ. ಕೂಸಿಗೆ ಕಲ್ಲವ್ವ ಎಂದು ಹೆಸರಿಟ್ಟರು. ಕಲ್ಲನ್ನು ಯಾರು ಒಯ್ಯುತ್ತಾರೆ.

ಫಾಲ್ಗುಣ ಬಹುಳ ನವಮಿ

ಕೂಸಿಗೆ ಜ್ವರ. ಮೊಲೆ ಹಿಡಿಯುತ್ತಿಲ್ಲ. ಮೊದಲಿನ ಎರಡಕ್ಕೂ ಹೀಗೇ ಶುರುವಾಗಿತ್ತು.

ದಶಮಿ

ಹಾಗೇ ಇದೆ. ಹಕೀಮ ಬಂದು ಹೋದ. ಮಾಳವ್ವ ಕೂಸನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಾಳೆ, ಯಾರಿಗೂ ಕೊಡಳು. ಬೆರಳಿನಿಂದ ಉಡದಾರದ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತಾಳೆ. ಸುತ್ತು ಮುಗಿದರೆ ಮತ್ತೆ ಮೊದಲಿನಿಂದ.

ಏಕಾದಶಿ

ಬರೆಯುವಂಥದ್ದಿಲ್ಲ.

ತ್ರಯೋದಶಿ

ಬೆಳಗಿನ ಜಾವ ಮೊಲೆ ಹಿಡಿಯಿತು. ರೇಣವ್ವ "ಯಪ್ಪಾ" ಎಂದು ಕರೆದಳು. ಓಡಿದೆ. ಮೊಲೆ ಚೀಪುವ ಸದ್ದು ಎತ್ತು ನೀರು ಕುಡಿದಂತೆ ಕೇಳುತ್ತಿತ್ತು. ಮನೆ ತುಂಬ ಅದೇ ಸದ್ದು.

ಸಣಬು ಉಳಿಸಿತೋ, ಹಕೀಮನ ಕಷಾಯವೋ, ನನಗೆ ತಿಳಿಯದು. ತಿಳಿಯುತ್ತದೆ ಎನ್ನುವವರ ಹತ್ತಿರ ವಾದಕ್ಕೂ ಹೋಗುವುದಿಲ್ಲ. ಇಂಥದೊಂದು ಸದ್ದಿನ ಮುಂದೆ ವಾದ ಏನು.

ರಾಕ್ಷಸ ಸಂವತ್ಸರ, ಜ್ಯೇಷ್ಠ ಶುದ್ಧ ತ್ರಯೋದಶಿ

ಬಹಳ ದಿನ ಬರೆಯಲಿಲ್ಲ. ಬರೆಯುವ ಹೊತ್ತಿಗೆ ಕಲ್ಲವ್ವ ತೊಡೆಯ ಮೇಲಿರುತ್ತಾಳೆ, ಬಳಪ ತಿನ್ನುತ್ತಾಳೆ. ಈಗಲೂ ತಿನ್ನುತ್ತಿದ್ದಾಳೆ. ಇದ್ದ ತುಂಡಿನಲ್ಲಿ ಬರೆಯುತ್ತೇನೆ.

ಕಾರಹುಣ್ಣಿಮೆ ಬಂದೇ ಬಿಟ್ಟಿತು. ಎತ್ತುಗಳಿಗೆ ಹೊಸ ಹಗ್ಗ, ಕೊರಳ ಹುರಿ, ಗೊಂಡೆ, ಒಂದೂ ಆಗಿಲ್ಲ. ಇವತ್ತು ಕೂತು ಮುಗಿಸೋಣ ಎಂದು ಪುಂಡಿ ನಾರು ತೋಯಿಸಿ ಇಟ್ಟಿದ್ದೆ. ಕಾರಹುಣ್ಣಿಮೆ ಮುಗಿಸಿ ರೇಣವ್ವ ಬೆಳವಣಕಿಗೆ ಹೊರಡುವವಳು. ಗಂಟುಮೂಟೆ ಕಟ್ಟುತ್ತಿದ್ದವಳು ಕೂಸನ್ನು ಎತ್ತಿಕೊಂಡು ಬಂದಳು. ಗೊಣಗುತ್ತಿದ್ದಳು.

"ಯಪ್ಪಾ, ಕಡಗ ನೋಡಿಲ್ಲಿ. ಕೈಗೆ ಒತ್ತಾಕ್ಹತ್ತೇತಿ. ಕೆಂಪಗ ಗೆರಿ ಮೂಡೇತಿ. ರಾತ್ರೆಲ್ಲಾ ಅತ್ತಾಳ ಇಕಿ. ಕೊಯ್ದ ಒಗೀಲೇನು?"

"ಕೊಯ್ದೀ, ನೋಡು," ಎಂದು ಗದರಿದೆ. ಆಮೇಲೆ ಅವಳು ಹೇಳಿದ್ದು ಕಿವಿಯೊಳಗೆ ಇಳಿಯಿತು.

ಕೂಸಿನ ಕೈ ಹಿಡಿದು ನೋಡಿದೆ. ಹೆಬ್ಬೆರಳಿನಷ್ಟಿದ್ದ ಮಣಿಕಟ್ಟು ಈಗ ತುಂಬಿದೆ, ಮಡಿಕೆ ಬಿದ್ದಿದೆ. ಸಣಬು ಮಾಂಸದೊಳಗೆ ಹೂತಿದೆ. ಸುತ್ತಲೂ ಕೆಂಪು ಗೆರೆ.

ಬಿಗಿಯಾಗಿದೆ.

ಈ ಮನೆಯಿಂದ ಹೋದ ಎರಡು ಕೂಸಿನ ಬೆಳ್ಳಿ ಕಡಗಗಳೂ ಸಡಿಲವಾಗಿಯೇ ಇದ್ದವು. ಬಿಚ್ಚುವಾಗ ಜಾರಿ ಬಂದವು. ರೇಣವ್ವನಿಗೂ ಅದು ನೆನಪಾಗಿರಬೇಕು. ಗೊಣಗುವುದನ್ನು ನಿಲ್ಲಿಸಿ ಅಲ್ಲೇ ನನ್ನ ಮುಂದೆ ಕೂತಳು. ನಾವಿಬ್ಬರೂ ಆ ಕೆಂಪು ಗೆರೆಯನ್ನೇ ನೋಡುತ್ತ ಕೂತೆವು. ಯಾರಾದರೂ ಬಂದಿದ್ದರೆ ಇವರಿಗೇನಾಗಿದೆ ಎನ್ನುತ್ತಿದ್ದರು.

ಮಾಳವ್ವ ಮೂಲೆಯಿಂದ ಎಡಗೈ ಚಾಚಿದಳು, ತಾ ಎಂದು. ಕೂಸನ್ನು ಅವಳ ಮುಂದೆ ಹಿಡಿದೆ. ಉಗುರಿನಿಂದ ಎಲ್ಲೋ ಒಂದು ಕಡೆ ಮುಟ್ಟಿದಳು. ನಾನೂ ಮಲ್ಲೇಶಪ್ಪನೂ ಸರದಲ್ಲಿ ಹುಡುಕಿ ಸೋತಂಥದೇ ತುದಿ ಅದು. ಎಳೆದಳು. ಒಂದು ಗಂಟು ಬಿಚ್ಚಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಜಗಳವಿಲ್ಲದೆ ಬಿಚ್ಚಿಕೊಂಡು ಬಂದವು. ಒಂದು ಎಳೆಯೂ ಹರಿಯಲಿಲ್ಲ. ಬಿಚ್ಚುವುದನ್ನು ಮೊದಲೇ ಎಣಿಸಿ ಕಟ್ಟಿದ್ದಳು.

ಎಳೆ ಸೇರಿಸಬೇಕಾಗಿತ್ತು. ಮುಂದಿದ್ದ ಪುಂಡಿಯನ್ನು ಆಚೆ ಸರಿಸಿ ಜಂತಿಯಿಂದ ಸಣಬು ಇಳಿಸಿದೆ. ಎತ್ತುಗಳಿಗೆ ಈ ವರ್ಷ ಹಳೆಯ ಹಗ್ಗವೇ ಸಾಕು, ಬಸವಣ್ಣ ಬೇಸರ ಮಾಡಿಕೊಳ್ಳುವವನಲ್ಲ. ಎಡತೊಡೆಯ ಮೇಲೆ ಎಳೆ ಇಟ್ಟು ಎಡಗೈಯಿಂದ ಮುಂದಕ್ಕೆ ತೀಡಿದೆ. ಸುತ್ತಿಕೊಂಡು ಬಂದಿತು. ಮಾಳವ್ವ ಬೆರಳಿನಲ್ಲಿ ಹಿಡಿದು ಪರೀಕ್ಷೆ ಮಾಡಿ ಬಿಟ್ಟಳು. ತಿವಿಯಲಿಲ್ಲ.

ಒಂದು ಗೇಣು ಹೊಸೆದು ಇಷ್ಟು ಸಾಕೇನು ಎಂದು ತೋರಿಸಿದೆ. ಇನ್ನಷ್ಟು ಎಂದು ಎಡಗೈ ಬೀಸಿದಳು. ಮೊಳ ಮಾಡಿ ತೋರಿಸಿದೆ. ಇನ್ನೂ ಎಂದಳು, ಕೈಯಿಂದಲೇ. "ಎಷ್ಟ ಬೇಕ ಮಾಳಿ, ಕೂಸಿಗೋ ಬಾವಿಗೋ?" ಎಂದು ಕೇಳಿದೆ. ಅರ್ಧ ಬಾಯಲ್ಲಿ ನಗುತ್ತ ಕೈ ಬೀಸುತ್ತಲೇ ಇದ್ದಳು, ಇನ್ನೂ, ಇನ್ನೂ ಉದ್ದ.

ಹೊಸೆಯುತ್ತಿದ್ದೇನೆ.